ಆದಿಲಕ್ಷ್ಮಮ್ಮನ ಬೂಸಾ ಮೂಟೆ

"ಹೆಣ ಒತ್ತಿದ ಕೈಲಿ ಕೊಟ್ಟ ಇಡ್ಲಿ ನಂಗೆ ಬ್ಯಾಡ."

ಆಟೋ ಓಡಿಸುವ ಬೈಲಪ್ಪ ತಟ್ಟೆಯನ್ನು ಗಾಡಿಯ ಮೇಲೆ ಕುಕ್ಕುತ್ತಾನೆ. ಬಾಶೆಟ್ಟಿಹಳ್ಳಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಕಾರ್ಖಾನೆಗಳಲ್ಲಿ ರಾತ್ರಿ ಶಿಫ್ಟ್ ಮುಗಿಸಿದವರು, ಬೆಳಗಿನ ಶಿಫ್ಟಿಗೆ ಬಂದಿಳಿದವರು ಇಡ್ಲಿ ಗಾಡಿಯ ಸುತ್ತ ನಿಂತಿದ್ದಾರೆ. ಆದಿಲಕ್ಷ್ಮಮ್ಮ ಪಾತ್ರೆಯ ಮುಚ್ಚಳ ತೆಗೆಯುತ್ತಲೇ ಉತ್ತರ ಕೊಡುತ್ತಾರೆ.

"ನಾನು ಕೈಯಿಟ್ಟಾಗ ಅದು ಹೆಣ ಆಗಿರ್ಲಿಲ್ಲ ಕಣಪ್ಪಾ. ನೀವೆಲ್ಲ ನಿಂತು ನೋಡಿದ್ರಲ್ಲ, ಆಗ ಆಯ್ತು."

ಹೋದ ತಿಂಗಳು ಬಸ್ಸಿಳಿದ ಹಿರಿಯರೊಬ್ಬರು ಇದೇ ಜಾಗದಲ್ಲಿ ಕುಸಿದುಬಿದ್ದರು. ನಮ್ಮ ಕಡೆ ಯಾರು ಬಿದ್ದರೂ ಮೂರ್ಛೆಯೆಂದೇ ಲೆಕ್ಕ, ಮುಷ್ಟಿಗೆ ಕಬ್ಬಿಣ ಕೊಡುವುದೇ ಮದ್ದು. ಬೈಲಪ್ಪ ಆಟೋದ ಬೀಗದ ಕೈ ಕಿತ್ತು ತಂದು ಅವರ ಅಂಗೈಗೆ ತುರುಕಿದ. ಇನ್ನೊಬ್ಬ ಬಾಯಿಗೆ ನೀರು ಹೊಯ್ದ. ಉಳಿದವರು ವಿಡಿಯೋ ಮಾಡಿದರು. ಗುಂಪನ್ನು ತಳ್ಳಿಕೊಂಡು ಒಳಗೆ ನುಗ್ಗಿ ಎದೆ ಒತ್ತಿದ್ದು ಆದಿಲಕ್ಷ್ಮಮ್ಮ ಒಬ್ಬರೇ. ತೋಳು ಸೋತಾಗ, ಯಾರಾದರೂ ಬನ್ನಿ ಎಂದು ಬೇಡಿಕೊಂಡರು. ಒಬ್ಬನೂ ಬಗ್ಗಲಿಲ್ಲ. ಆಂಬುಲೆನ್ಸ್ ಬಂದಾಗ ಎಲ್ಲ ಮುಗಿದಿತ್ತು. ಅಂದಿನಿಂದ ಗಿರಾಕಿಗಳು ಒಬ್ಬೊಬ್ಬರಾಗಿ ಜಾರುತ್ತಿದ್ದಾರೆ. ಕಣ್ಣೆದುರು ಜೀವ ಹೋಗುವಾಗ ನಾಚದ ಜನಕ್ಕೆ ಇಡ್ಲಿಯಲ್ಲಿ ಮೈಲಿಗೆ ಕಾಣುತ್ತದೆ.

ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಗೆ ಗುತ್ತಿಗೆ ಕೆಲಸಕ್ಕೆ ಹೋದ ಹೆಂಗಸರಲ್ಲಿ ಆದಿಲಕ್ಷ್ಮಮ್ಮನೂ ಒಬ್ಬರು. ನೆಲ ಒರೆಸುವ ಕೆಲಸ. ಅಲ್ಲೊಂದು ದಿನ ನರ್ಸಮ್ಮ ಒಬ್ಬರು ರಬ್ಬರ್ ಬೊಂಬೆ ತಂದು, ಉಸಿರು ನಿಂತವರ ಎದೆ ಒತ್ತುವುದು ಹೇಗೆಂದು ಎಲ್ಲರ ಕೈಯಲ್ಲೂ ಒತ್ತಿಸಿದರು. ಗಂಡ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಈ ಗಾಡಿ ಇಟ್ಟರು. ದಿನಕ್ಕೆ ಮುನ್ನೂರು ಇಡ್ಲಿ ಖಾಲಿಯಾಗುತ್ತಿತ್ತು, ಈಗ ಅರ್ಧ ಹೋದರೆ ಹೆಚ್ಚು. ಮನೆ ನಡೆಯುವುದು ಇದರಲ್ಲೇ. ಒತ್ತುವುದನ್ನು ಬಿಟ್ಟರೆ ಗಿರಾಕಿ ಬರ್ತಾರೆ ಎಂದು ನೆಂಟರು ಬುದ್ಧಿ ಹೇಳಿದ್ದೂ ಆಗಿದೆ.

ಹಿಟ್ಟಿನ ಪಾತ್ರೆಯನ್ನು ದಿನಾ ಮನೆಯಿಂದ ಹೊತ್ತು ತರುವವರು ಪಿಳ್ಳಣ್ಣ, ಕಾರ್ಖಾನೆಯ ಕಾವಲುಗಾರ. ಎರಡು ವರ್ಷದ ಹಿಂದೆ ಇದೇ ಗಾಡಿಯ ಮುಂದೆ ಬಿದ್ದವರು ಅವರು. ಅವತ್ತೂ ಎದೆ ಒತ್ತಿದ್ದು ಆದಿಲಕ್ಷ್ಮಮ್ಮನೇ, ಆಂಬುಲೆನ್ಸ್ ಬೇಗ ಬಂತು.

"ಪಕ್ಕೆಲುಬು ಒಂದು ತಿಂಗಳು ನೋಯ್ತು ಸಾರ್," ಅನ್ನುತ್ತಾರೆ ಪಿಳ್ಳಣ್ಣ. "ನೋವು ಹೋದಾಗ ಬೇಜಾರಾಯ್ತು. ಅದಿರೋಗಂಟ ಅಕ್ಕನ ಕೈ ಎದೆ ಮೇಲೇ ಇದ್ದಂಗಿತ್ತು."

ಎದೆ ಒತ್ತಿಸಿಕೊಂಡವರೆಲ್ಲ ಬದುಕುವುದಿಲ್ಲ, ನಿಜ. ಆದರೆ ಆಂಬುಲೆನ್ಸ್ ಬರುವ ತನಕ ಸುಮ್ಮನೆ ನಿಂತರೆ ಬದುಕುವವರೂ ಸಾಯುತ್ತಾರೆ. ಅದಕ್ಕೇ ಗಾಡಿಯ ಪಕ್ಕ ಒಂದು ಬೂಸಾ ಮೂಟೆ ಬಿದ್ದಿದೆ. ತಿಂದು ಕೈ ತೊಳೆದವರು ಅದನ್ನೇ ಬಿದ್ದವರ ಎದೆಯೆಂದುಕೊಂಡು ಒತ್ತಿ ಕಲಿತೇ ಹೋಗಬೇಕು, ಇದು ಆದಿಲಕ್ಷ್ಮಮ್ಮನ ಕಟ್ಟಳೆ.

"ಬಿದ್ದೋರ್ನ ಅಲುಗಾಡಿಸಿ, ಕೂಗಿ. ಮಾತಿಲ್ಲ, ಉಸಿರು ಸರಿಯಿಲ್ಲ ಅಂದ್ರೆ ಒಬ್ರು ೧೦೮ಕ್ಕೆ ಫೋನ್ ಮಾಡಿ. ಇನ್ನೊಬ್ರು ಎದೆ ಮಧ್ಯೆ ಅಂಗೈ ಮೇಲೆ ಅಂಗೈ ಇಟ್ಟು ಗಟ್ಟಿಯಾಗಿ, ಬೇಗಬೇಗ ಒತ್ತಿ. ಮೊಳಕೈ ಬಗ್ಗಬಾರ್ದು. ಬಾಯಿಗೆ ಬಾಯಿ ಇಡೋದೇನೂ ಬ್ಯಾಡ. ಸುಸ್ತಾದ್ರೆ ಪಕ್ಕದೋರು ಕೂತು ಒತ್ತಿ. ನಾನು ಒಬ್ಬಳೇ ಎಷ್ಟು ಅಂತ ಒತ್ತಲಿ?"

ಬೈಲಪ್ಪನಿಗೂ ಅವರು ಮೂಟೆ ತೋರಿಸುತ್ತಾರೆ. ಇಡ್ಲಿ ಬೇಡದಿದ್ದರೆ ಬಿಡು, ಒಂದು ಸಲ ಒತ್ತಿ ಹೋಗು ಅನ್ನುತ್ತಾರೆ. ಅವನು ಮೂಟೆ ನೋಡುತ್ತಾನೆ, ಕೈಯಲ್ಲಿದ್ದ ಬೀಗದ ಕೈ ನೋಡುತ್ತಾನೆ. ಆಟೋ ಹತ್ತಿ ಹೊರಟುಹೋಗುತ್ತಾನೆ.

ಒಂದು ವಾರ ಕಳೆದರೂ ಅವನು ಆ ಕಡೆ ಬಂದಿಲ್ಲ. ಹಳೇ ಗಿರಾಕಿ ಹೋದನಲ್ಲಮ್ಮಾ ಅಂದರೆ ಆದಿಲಕ್ಷ್ಮಮ್ಮ ತಟ್ಟೆ ಒರೆಸುತ್ತಾ ಹೇಳುತ್ತಾರೆ:

"ಬರದಿದ್ರೆ ಬ್ಯಾಡ ಬಿಡಿ. ಅವ್ನು ಎಲ್ಲಾದ್ರೂ ಬಿದ್ರೆ, ಅಲ್ಲಿ ಒತ್ತೋರು ಒಬ್ರು ಇರ್ಲಿ."