ಹನ್ನೆರಡು ಜನರ ಕಣ್ಣು

ನಾನು ಮಾಡಿದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ಸಂದು ಬಿಡುವುದಿಲ್ಲ. ಹಗರಿಬೊಮ್ಮನಹಳ್ಳಿ ಸುತ್ತ ಯಾರನ್ನಾದರೂ ಕೇಳಿ ನೋಡಬಹುದು. ಏಳನೇ ತರಗತಿಗೆ ಶಾಲೆ ಬಿಟ್ಟವನು ಇಷ್ಟು ಹೇಳಿಕೊಂಡರೆ ಜಂಬ ಅನ್ನುತ್ತಾರೆ. ಅನ್ನಲಿ. ಮೂವತ್ತು ವರ್ಷ ಬೆನ್ನು ಬಗ್ಗಿಸಿ ದುಡಿದು ಸಂಪಾದಿಸಿದ ಜಂಬ ಅದು.

ಆದರೆ ನನ್ನ ಬಲಗೈ ವಿಷಯದಲ್ಲಿ ನನಗೊಂದು ಅಂಜಿಕೆ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಸುಬಿನಲ್ಲಿ ಮೂರ್ತಿ ಕೆತ್ತುವವರು ಕಣ್ಣನ್ನು ಕಟ್ಟಕಡೆಗೆ ತೆರೆಯುತ್ತಾರೆ. ಆ ಹೊತ್ತಿಗೆ ಎದುರಿಗೆ ಒಬ್ಬರು ಕನ್ನಡಿ ಹಿಡಿದಿರಬೇಕು. ಮೂರ್ತಿಯ ಮೊದಲ ನೋಟ ಕನ್ನಡಿಗೆ ಬೀಳಬೇಕು, ಮನುಷ್ಯರ ಮೇಲೆ ಬೀಳಬಾರದು. ಕೆತ್ತುವವನು ಪಕ್ಕದಲ್ಲಿ ನಿಂತು ಕೈ ಚಾಚಿ ಉಳಿ ಆಡಿಸುತ್ತಾನೆ. ಕೆತ್ತನೆಯಲ್ಲಿ ಐಬು ಉಳಿದಿದ್ದರೆ ಆ ನೋಟ ಕೆತ್ತಿದವನನ್ನೇ ಹುಡುಕಿಕೊಂಡು ಬರುತ್ತದೆ ಅನ್ನುವುದು ನಮ್ಮಲ್ಲಿಯ ಮಾತು. ನಮ್ಮಪ್ಪ ಹಡಗಲಿ ಕಡೆಯ ಒಂದು ಹಳ್ಳಿಗೆ ಮರದ ಅಮ್ಮನ ಮೂರ್ತಿ ಮಾಡಿದ್ದ. ಒಂದು ಕಿವಿ ಇನ್ನೊಂದಕ್ಕಿಂತ ಕೂದಲೆಳೆ ಕೆಳಗಿತ್ತು. ಅವನಿಗೂ ಗೊತ್ತಿತ್ತು, ಬಣ್ಣದಲ್ಲಿ ಮುಚ್ಚಿದ. ಕಣ್ಣು ತೆರೆದ ಎಂಟನೇ ದಿನ ಅವನ ಬಲಗಡೆಗೆ ಲಕ್ವ ಹೊಡೆಯಿತು. ಡಾಕ್ಟರು ಬಿಪಿ ಅಂದರು. ಊರವರು ಕಿವಿ ಅಂದರು. ಯಾವುದಾದರೇನು, ಕೈ ಹೋಯಿತು. ನಾನು ಪುಸ್ತಕದ ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಉಳಿ ಹಿಡಿದೆ. ಆವತ್ತಿನಿಂದ ಬಳ್ಳಿ, ಹೂವು, ಗಿಳಿ, ಆನೆ ಎಲ್ಲ ಕೆತ್ತಿದ್ದೇನೆ. ಮನುಷ್ಯರ ಮುಖಕ್ಕೆ ಮಾತ್ರ ಕೈ ಹಾಕಿರಲಿಲ್ಲ.

ಮೂರು ವರ್ಷದ ಹಿಂದೆ, ಹರಪನಹಳ್ಳಿ ದಾರಿಯ ಒಂದು ಊರಿನಂಚಿಗೆ ಕಟ್ಟುತ್ತಿದ್ದ ಸಣ್ಣ ಚರ್ಚಿನ ಫಾದರ್ ನನ್ನ ಶೆಡ್ಡಿಗೆ ಬಂದರು. ನನ್ನ ವಾರಿಗೆಯವರು, ನಮ್ಮ ಕಡೆಯದೇ ಮಾತು.

"ಆಚಾರ್ರ, ಎರಡು ರೆಕ್ಕಿ ಬಾಗಿಲಾ ಬೇಕಾಗೈತಿ. ಹನ್ನೆರಡು ಅಂಕಣ. ಒಂದೊಂದರಾಗ ಯೇಸುಸ್ವಾಮಿಯ ಒಬ್ಬೊಬ್ಬ ಶಿಷ್ಯ."

"ಮುಖ ಬೇಕೇನ್ರಿ?"

"ಮುಖ ಇಲ್ದ ಮನುಷ್ಯಾರನ್ನ ನಿಲ್ಲಿಸಿದ್ರ ಜನ ಏನಂತಾರ? ನಿಮಗ ಆಗೋದಿಲ್ಲಂದ್ರ ಹೇಳಿಬಿಡ್ರಿ. ದಾವಣಗೆರಿಯಾಗ ಮಷೀನಿನಾಗ ಕೆತ್ತೋರು ಅದಾರ."

ಆ ಮಾತು ನನ್ನ ತಲೆಗೆ ಏರಿತು. "ಮಷೀನಿಗೇನು ಗೊತ್ತೈತ್ರಿ, ಮರದ ನಾರು ಯಾವ ಕಡಿಗಿ ಓಡತೈತಿ ಅಂತ? ಮರ ಇಳಿಸ್ರಿ, ನಾ ಮಾಡತೀನಿ" ಅಂದೆ. ಅಂದ ಮೇಲೆ ಅಪ್ಪನ ಕೈ ನೆನಪಾಯಿತು.

ಅವರು ಹನ್ನೆರಡು ಚಿತ್ರಗಳ ಜೆರಾಕ್ಸ್ ಕೊಟ್ಟರು. ಜೊತೆಗೆ ಒಬ್ಬೊಬ್ಬರ ಕಥೆ ಬರೆದಿದ್ದ ನಾಲ್ಕು ಹಾಳೆ. ಪ್ರತಿಯೊಬ್ಬನ ಕೈಯಲ್ಲೂ ಏನೋ ಒಂದು ಇತ್ತು: ಕೀಲಿಕೈ, ಬಟ್ಟಲು ಅಂಥ ಒಂದೆರಡು ಬಿಟ್ಟರೆ ಗರಗಸ, ಕೊಡಲಿ, ಈಟಿ, ಕತ್ತಿ, ದೊಣ್ಣೆ.

"ಆಯುಧ ಭಾಳ ಅದಾವಲ್ರಿ. ಯಾರನ್ನ ಹೊಡದ್ರು ಇವ್ರು?"

"ಇವ್ರು ಯಾರನ್ನೂ ಹೊಡೀಲಿಲ್ಲ. ಇವ್ರನ್ನ ಹೊಡದಿದ್ದು ಅವು. ಯಾವುದರಿಂದ ಸತ್ತರೋ ಅದನ್ನ ಕೈಯಾಗ ಹಿಡಕೊಂಡು ನಿಂತಾರ."

ಫಾದರ್ ಹೋದ ಮೇಲೆ ಚಿತ್ರಗಳನ್ನು ಹಲಗೆಯ ಮೇಲೆ ಸಾಲಾಗಿ ಹರಡಿದೆ. ನಮ್ಮ ದೇವರುಗಳೂ ಆಯುಧ ಹಿಡಿಯುತ್ತಾರೆ, ಆದರೆ ಅದು ರಾಕ್ಷಸರಿಗೆ. ತನ್ನನ್ನು ಕೊಂದದ್ದನ್ನೇ ಹಿಡಿದುಕೊಂಡು ನಿಲ್ಲುವವರನ್ನು ನಾನು ಕಂಡಿರಲಿಲ್ಲ. ಅದೂ ಎಂಥ ಆಯುಧ! ಗೋಡೆಗೆ ತೂಗುಹಾಕಿದ ನನ್ನ ಗರಗಸ, ಮೂಲೆಯಲ್ಲಿ ನಿಲ್ಲಿಸಿದ ನನ್ನ ಕೊಡಲಿ. ಮಹಾನವಮಿಗೆ ಕುಂಕುಮ ಹಚ್ಚಿ ಕೈಮುಗಿಯುವ ಸಾಮಾನು. ಒಬ್ಬನನ್ನು ಹಲಗೆ ಸೀಳಿದಂತೆ ಗರಗಸದಿಂದ ಸೀಳಿದರಂತೆ. ಮರುದಿನ ಸಾಗವಾನಿ ಕೊಯ್ಯುವಾಗ ಹಲ್ಲು ಮರಕ್ಕೆ ಕಚ್ಚಿದ ಸದ್ದಿಗೆ ನನ್ನ ಮೈ ಜುಮ್ಮೆಂದಿತು.

ಹೆಸರು ಫಾದರ್ ಹೇಳಿದ್ದರು, ನನ್ನ ನಾಲಿಗೆಗೆ ನಿಲ್ಲಲಿಲ್ಲ. ಕೈಯಲ್ಲಿರುವುದರಿಂದಲೇ ಗುರುತು ಇಟ್ಟುಕೊಂಡೆ. ಕೀಲಿಕೈಯವನು ಮೊದಲು ಮೀನು ಹಿಡಿಯುತ್ತಿದ್ದನಂತೆ. ಗುರುವಿನ ಹಾಗೆ ಸಾಯಲು ತಾನು ಯೋಗ್ಯನಲ್ಲ, ತಲೆ ಕೆಳಗು ಮಾಡಿ ಶಿಲುಬೆಗೆ ಹೊಡೆಯಿರಿ ಅಂದನಂತೆ. ಮೂಲೆ ನೇರ ನೋಡುವ ಮೂಲಮಟ್ಟ ಹಿಡಿದವನೊಬ್ಬ, ಕಟ್ಟಡ ಕಟ್ಟುವವನು, ನಮ್ಮ ದೇಶಕ್ಕೇ ಬಂದು ಮದ್ರಾಸಿನ ಬಳಿಯ ಗುಡ್ಡದಲ್ಲಿ ಈಟಿ ತಿಂದ. ಬಟ್ಟಲು ಹಿಡಿದವನೊಬ್ಬ ಮಾತ್ರ ಮುಪ್ಪಾಗಿ ಸತ್ತ. ಅವನೇ ಪುಣ್ಯವಂತ ಅಂದುಕೊಂಡು ಅವನನ್ನು ಮೊದಲು ಕೆತ್ತಿದೆ. ಅವನ ಗಲ್ಲಕ್ಕೆ ಸ್ವಲ್ಪ ನಗೆಯನ್ನೂ ತಂದೆ.

ಆ ನಾಲ್ಕು ಹಾಳೆಗಳನ್ನು ಪೂರ್ತಿ ಓದಲಿಲ್ಲ. ಸಣ್ಣ ಅಕ್ಷರ, ಉದ್ದ ವಾಕ್ಯ. ತಿಳಿಯದಿದ್ದರೆ ಫೋನು ಮಾಡಿ ಅಂದಿದ್ದರು ಫಾದರ್. ಓದಿದವರನ್ನು ಕೇಳುವುದೆಂದರೆ ನನಗೆ ಒಗ್ಗುವುದಿಲ್ಲ. ಚಿತ್ರ ಇದೆ, ಕಣ್ಣಿದೆ, ಸಾಕು ಅಂದುಕೊಂಡೆ. ಒಂಬತ್ತನೇ ಚಿತ್ರದಲ್ಲಿ ಗಡ್ಡದವನೊಬ್ಬ ಬಲಗೈಯಲ್ಲಿ ಚೂರಿ ಹಿಡಿದಿದ್ದ. ಎಡತೋಳಿನ ಮೇಲೆ ಮಡಿಕೆ ಮಡಿಕೆಯಾಗಿ ಏನೋ ಜೋತುಬಿದ್ದಿತ್ತು. ಜೆರಾಕ್ಸಿನಲ್ಲಿ ಅಷ್ಟೂ ಕಪ್ಪು. ನನ್ನ ಶೆಡ್ಡಿನ ಮುಂದೆ ದಿನಾ ಕುರಿ ಹೊಡೆದುಕೊಂಡು ಹೋಗುವವರು ಹಾಗೆಯೇ ತೋಳಿನ ಮೇಲೆ ಕಂಬಳಿ ಹಾಕಿಕೊಳ್ಳುತ್ತಾರೆ. ಕುರಿ ಕಾಯುವವನು ಅಂತ ತೀರ್ಮಾನಿಸಿದೆ. ನೇಯ್ಗೆಯ ಒರಟು ಗೀರು, ಅಂಚಿನ ದಡಿ, ಕುಚ್ಚಿನ ಒಂದೊಂದು ಎಳೆ, ನಾಲ್ಕು ದಿನ ಕುಳಿತು ಎತ್ತಿದೆ. ಆ ಬಾಗಿಲಿನಲ್ಲೇ ಚಂದದ ಅಂಕಣ ಅದು. ಕುರಿಯವನೊಬ್ಬ ಒಳಗೆ ಬಂದು ಸವರಿ ನೋಡಿ, "ಹೊಚ್ಚಿಕೊಂಡ್ರ ಬೆಚ್ಚಗಾಗತೈತಿ ನೋಡಪಾ" ಅಂದು ಹೋದ. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಕೆಲಸ ಮುಗಿಯುತ್ತ ಬಂತು. ಕಣ್ಣು ಮಾತ್ರ ಬಾಕಿ. ಇಪ್ಪತ್ನಾಲ್ಕು ಬೋಳು ಗುಡ್ಡೆ. ಒಂದು ಮಧ್ಯಾಹ್ನ ಊಟ ತಂದ ನನ್ನ ಹೆಂಡತಿ ಮರದ ಪುಡಿ ಕೊಡವಿ ಆ ಹಾಳೆಗಳನ್ನು ಎತ್ತಿಕೊಂಡಳು. ಅವಳು ಎಸ್ಸೆಸ್ಸೆಲ್ಸಿ ಪಾಸಾದವಳು. ನಾನು ರೊಟ್ಟಿ ಮುರಿಯುತ್ತಿದ್ದೆ, ಅವಳು ಅಂಕಣಗಳನ್ನು ನೋಡಿಕೊಂಡು ಓದುತ್ತಿದ್ದಳು.

"ರೀ, ಈ ಚೂರಿಯವನ ತೋಳಿನ ಮ್ಯಾಲ ಏನ್ರಿ ಅದು?"

"ಕಾಣಂಗಿಲ್ಲೇನು? ಕಂಬಳಿ."

"ಕಂಬಳಿ ಅಲ್ರಿ ಅದು." ಅವಳ ದನಿ ಇಳಿಯಿತು. "ಇವನನ್ನ ಜೀವಂತ ಸುಲದರಂತ. ಅದು ಅವನ ತೊಗಲು. ತನ್ನ ತೊಗಲನ್ನ ತಾನ ತೋಳಿನ ಮ್ಯಾಲ ಹಾಕ್ಕೊಂಡು ನಿಂತಾನ."

ಮುರಿದ ರೊಟ್ಟಿಯನ್ನು ವಾಪಸಿಟ್ಟೆ. ಅಪ್ಪ ಕಿವಿಯಲ್ಲಿ ಕೂದಲೆಳೆ ತಪ್ಪಿದ್ದ. ನಾನು ಒಬ್ಬ ಮನುಷ್ಯನ ಸಾವನ್ನೇ ಅಳಿಸಿ, ಕುಚ್ಚು ಕಟ್ಟಿದ ಕಂಬಳಿ ಹೊದಿಸಿದ್ದೆ. ಬಲಗೈಯ ಕಿರುಬೆರಳಿನಿಂದ ಮೊಣಕೈವರೆಗೆ ಇರುವೆ ಹರಿದಂತಾಯಿತು. ಎಡಗೈಯಿಂದ ಚಿವುಟಿಕೊಂಡೆ. ಅರ್ಧಕ್ಕರ್ಧ ಗೊತ್ತಾಯಿತು, ಅರ್ಧ ಆಗಲಿಲ್ಲ.

"ಫಾದರ್‌ಗೆ ಇವತ್ತ ಹೇಳ್ರಿ" ಅಂದಳು.

"ಏನಂತ ಹೇಳಲಿ? ಓದಾಕ ಬರಲಿಲ್ಲ ಅಂತನಾ? ಮರದಾಗ ಗೊತ್ತಾಗಂಗಿಲ್ಲ ಬಿಡು. ಕಂಬಳಿ ಅಂದ್ರೂ ಆತು, ತೊಗಲಂದ್ರೂ ಆತು."

"ಮಾವಾರೂ ಆ ಕಿವಿ ವಿಷಯಕ್ಕ ಹಿಂಗ ಅಂದಿದ್ರಂತ."

ಅಷ್ಟೇ ಅಂದು ಬುತ್ತಿ ಕಟ್ಟಿಕೊಂಡು ಹೋದಳು.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ಬೆಳಗೆದ್ದ ಕೂಡಲೇ ಬೆರಳು ಮಡಚಿ ಬಿಚ್ಚಿ ನೋಡುವುದು, ಚಹಾದ ಲೋಟ ಎತ್ತುವಾಗ ನಡುಗುತ್ತದೆಯೋ ಅಂತ ಗಮನಿಸುವುದು. ತಂಬ್ರಹಳ್ಳಿಗೆ ಒಂದು ಕಿಟಕಿ ಜೋಡಿಸಲು ಹೋದಾಗ ಬಲಗೈ ನಂಬದೆ ಎಡಗೈಯಲ್ಲಿ ಸುತ್ತಿಗೆ ಹಿಡಿದೆ, ಏಟು ಮೊಳೆಯ ಬದಲು ಬಲ ಹೆಬ್ಬೆರಳಿಗೆ ಬಿತ್ತು. ನೋವಾಯಿತು. ನೋವಾಯಿತಲ್ಲ ಅಂತ ಖುಷಿಯಾಯಿತು. ಆ ಖುಷಿ ನೋಡಿ ನನಗೇ ಭಯವಾಯಿತು. ಈ ಕೈ ಹೋದರೆ ನಾನು ಏನು? ಓದಿಲ್ಲ, ಹೊಲವಿಲ್ಲ, ಬೇರೆ ಕಸುಬು ಬಾರದು. ಒಲೆಯ ಪಕ್ಕ ಎಡಗೈಯಲ್ಲಿ ಅನ್ನ ಕಲಸುತ್ತಿದ್ದ ಅಪ್ಪ ಕಣ್ಮುಂದೆ ಬರುತ್ತಿದ್ದ.

ನಾಲ್ಕನೇ ದಿನ ಬೈಕು ಹತ್ತಿ ಚರ್ಚಿಗೆ ಹೋದೆ. ಫಾದರ್ ಇಟ್ಟಿಗೆ ಗೋಡೆಗೆ ಪೈಪಿನಿಂದ ನೀರು ಬಿಡುತ್ತಿದ್ದರು. ಫೋನಿನಲ್ಲಿ ಅಂಕಣದ ಫೋಟೋ ತೋರಿಸಿದೆ.

"ಹಾಳಿ ಪೂರಾ ಓದಲಿಲ್ರಿ ನಾನು. ಕಂಬಳಿ ಅಂದ್ಕೊಂಡು ಕೆತ್ತಿಬಿಟ್ಟೆ."

ಇಷ್ಟು ಹೇಳುವುದಕ್ಕೆ ನನಗಾದ ಕಷ್ಟ, ದೊಡ್ಡ ತೊಲೆ ಒಬ್ಬನೇ ಎತ್ತುವಾಗಲೂ ಆಗಿಲ್ಲ. ಅವರು ಪೈಪು ಕೆಳಗಿಟ್ಟು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ನಕ್ಕಾರು ಅಂದುಕೊಂಡಿದ್ದೆ. ನಗಲಿಲ್ಲ.

"ಭಾಳ ಚಂದ ಐತಿ ಆಚಾರ್ರ. ಅಳಸಾಕ ಮನಸ್ಸು ಬರವಲ್ದು. ಆದ್ರ ಹಿಂಗ ಬಿಟ್ರ ಇವನಿಗೇನೂ ಆಗೇ ಇಲ್ಲ ಅಂದಂಗಾಗತೈತಿ. ತಿದ್ದಾಕ ಬರತೈತೇನ್ರಿ?"

"ಬರತೈತಿ" ಅಂದೆ. ಆಮೇಲೆ ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ. "ಇವರಿಗೆ ಅಂಜಿಕಿ ಅನ್ನೋದ ಇರಲಿಲ್ಲೇನ್ರಿ?"

"ಇರಲಿಲ್ಲ ಅಂದವರ್ಯಾರು? ಗುರುವನ್ನ ಹಿಡದಾಗ ಓಡಿಹೋದವರ ಇವ್ರು. ಆ ಕೀಲಿಕೈಯವ ಅದಾನಲ್ಲ, ಆ ಗುರುವಿನ ಪರಿಚಯ ನನಗಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ. ಬಾಗಿಲಾ ಹಾಕ್ಕೊಂಡು ಒಳಗ ಕುಂತಿದ್ರು ಎಲ್ಲಾರೂ."

"ಮತ್ತ ಹೊರಗ ಯಾಕ ಬಂದ್ರು?"

"ಸತ್ತ ಗುರು ಎದ್ದು ಬಂದದ್ದನ್ನ ಕಣ್ಣಾರೆ ಕಂಡಿವಿ ಅಂದ್ರು. ಕಂಡಿಲ್ಲ ಅಂತ ಅಂದಿದ್ರ ಜೀವ ಉಳೀತಿತ್ತು. ಅನ್ನಲಿಲ್ಲ. ಇದನ್ನ ನಾ ಪ್ರತಿ ಐತವಾರ ಮಂದಿಗೆ ಹೇಳತೀನಿ. ಈಟಿ ನನ್ನ ಎದಿಗೆ ಬಂದಾಗ ನಾ ಏನಂತೀನಿ ಅನ್ನೋದು ನನಗೂ ಗೊತ್ತಿಲ್ಲ."

"ಬಟ್ಟಲದವ ಪುಣ್ಯಾವಂತ ನೋಡ್ರಿ. ಮುಪ್ಪಾಗಿ ಸತ್ತ."

"ಅವನ ಸ್ವಂತ ಅಣ್ಣನೂ ಈ ಹನ್ನೆರಡರಾಗ ಒಬ್ಬ, ಅವ ಮೊದಲು ಹೋದ, ಕತ್ತಿಲೆ ಕಡದರು. ಆಮ್ಯಾಲ ಒಬ್ಬೊಬ್ಬರದೂ ಸುದ್ದಿ ಬರತಿತ್ತು. ಕೇಳಕೋತ ಕುಂತು ಮುಪ್ಪಾದ ಅವ."

ನಾನು ಅವನ ಗಲ್ಲಕ್ಕೆ ತಂದಿದ್ದ ನಗೆ ನೆನಪಾಯಿತು. ಶೆಡ್ಡಿಗೆ ಬಂದವನೇ ಅದನ್ನು ಸವರಿ ತೆಗೆದೆ.

ತೊಗಲಿನ ಕೆಲಸ ಆರು ದಿನ ಹಿಡಿಯಿತು. ಕಂಬಳಿಗೆ ಎರಡು ಬೆರಳು ದಪ್ಪ ಮರ ಬಿಟ್ಟಿದ್ದೆನಾದ್ದರಿಂದ ಕೆಳಗೆ ಇಳಿಯಲು ಜಾಗವಿತ್ತು. ಕುಚ್ಚುಗಳನ್ನು ಒಂದೊಂದಾಗಿ ಕತ್ತರಿಸಿದೆ, ಅಲ್ಲಿ ಬೆರಳುಗಳು ಬರಬೇಕಿತ್ತು. ಜೋತುಬಿದ್ದ ಖಾಲಿ ಬೆರಳು. ಸಂತೆಯಲ್ಲಿ ಸುಲಿದು ತೂಗುಹಾಕಿದ ಕುರಿ ಚರ್ಮ ನೋಡಿಕೊಂಡು ಬಂದೆ. ಮಡಿಕೆಯ ನಡುವೆ ಮುಖವೂ ಬೇಕಿತ್ತು. ಮೂಗಿಗೆ ಮರ ಸಾಲದು ಅಂತ ಗಾಬರಿಯಾದೆ. ಆಮೇಲೆ ತಿಳಿಯಿತು, ಒಳಗೆ ಮನುಷ್ಯನಿಲ್ಲದ ಮುಖಕ್ಕೆ ಮೂಗಿನ ಎತ್ತರ ಇರುವುದಿಲ್ಲ. ಚಪ್ಪಟೆಯಾಗಿ ಬಿಟ್ಟೆ. ಮುಗಿದಾಗ ನನಗೇ ನೋಡಲಾಗದೆ ಗೋಣಿತಟ್ಟು ಮುಚ್ಚಿದೆ. ಕೈಯೊಳಗಿನ ಇರುವೆ ಹೋಗಿರಲಿಲ್ಲ.

ಬಾಗಿಲು ನಿಲ್ಲಿಸಿದ ಮೇಲೆ ಕಣ್ಣು ತೆರೆಯುವ ನಮ್ಮ ಪದ್ಧತಿಯನ್ನು ಫಾದರ್‌ಗೆ ಹೇಳಿ, ಕನ್ನಡಿ ಹಿಡಿಯಲು ಒಪ್ಪಿಗೆ ಕೇಳಿದೆ.

"ಇವ್ರು ದೇವರಲ್ಲ, ಮನುಷ್ಯಾರು. ಕಾಯಿ ಕುಂಕುಮ ಬ್ಯಾಡ. ಕನ್ನಡಿ ನಿಮ್ಮ ಕಸುಬಿನ ಸಾಮಾನು, ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ."

ಹೆಂಡತಿ ಮನೆಯ ಗೋಡೆಗನ್ನಡಿಯನ್ನೇ ಸೀರೆ ಸುತ್ತಿ ತಂದಿದ್ದಳು. ಬೆಳಗಿನ ಬಿಸಿಲು ನೇರ ಬಾಗಿಲಿಗೆ ಬೀಳುತ್ತಿತ್ತು. ನಾನು ಪಕ್ಕಕ್ಕೆ ನಿಂತು, ಮುಖ ತಿರುಗಿಸಿ, ಓರೆಗಣ್ಣಲ್ಲೇ ನೋಡುತ್ತ, ಸಣ್ಣ ಉಳಿಯಿಂದ ಒಂದೊಂದೇ ಗುಡ್ಡೆಗೆ ರೆಪ್ಪೆ ಬಿಡಿಸಿ ಪಾಪೆ ಕೊರೆಯುತ್ತ ಹೋದೆ. ಕೀಲಿಕೈಯವನು, ಈಟಿಯವನು, ಗರಗಸದವನು. ಹನ್ನೊಂದನೆಯದಕ್ಕೆ ಚೂರಿಯವನನ್ನು ಇಟ್ಟುಕೊಂಡಿದ್ದೆ. ಇನ್ನೂ ಮುಂದೂಡಲು ಧೈರ್ಯವಿರಲಿಲ್ಲ. ಬಲಗಣ್ಣು ಆಯಿತು. ಎಡಗಣ್ಣಿನ ಪಾಪೆಗೆ ಉಳಿ ಇಟ್ಟಾಗ ಬೆರಳಿಗೆ ಉಳಿಯ ತಂಪು ಗೊತ್ತಾಗುತ್ತಿರಲಿಲ್ಲ. ಕನ್ನಡಿ ಹಿಡಿದು ಸೋತ ಹೆಂಡತಿಯ ತೋಳು ಅದೇ ಹೊತ್ತಿಗೆ ಜೋಲಿಹೊಡೆಯಿತು, ಕನ್ನಡಿ ವಾಲಿ ಬಿಸಿಲು ನನ್ನ ಕಣ್ಣಿಗೆ ಕುಕ್ಕಿತು. ನಾನು ಬೆದರಿ ಮುಂದಕ್ಕೆ ಬಂದುಬಿಟ್ಟೆ. ಅವನೂ ನಾನೂ ಎದುರಾಬದುರು. ನಡುವೆ ಏನೂ ಇರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ. ಅವನ ಕಣ್ಣಲ್ಲಿ ಸಿಟ್ಟು ಕಾಣಲಿಲ್ಲ. ನಾನೇ ಕೆತ್ತಿದ್ದು, ಆದರೂ ಏನು ಬಂದಿದೆ ಅಂತ ಆವರೆಗೆ ಎದುರಿಗೆ ನಿಂತು ನೋಡಿರಲಿಲ್ಲ. ಅವನು ಅಂಜಿದ್ದ. ನನ್ನಷ್ಟೇ ಅಂಜಿದ್ದ, ನಿಂತಿದ್ದ.

"ಕೈ ಎತ್ರಿ" ಅಂದಳು ಹೆಂಡತಿ. ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಎತ್ರಿ ನೋಡೋಣು."

ಎತ್ತಿದೆ. ಎದ್ದಿತು. ಬೆರಳು ಮಡಚಿದವು, ಬಿಚ್ಚಿಕೊಂಡವು. ಅಪ್ಪನಿಗೆ ಹೊಡೆದದ್ದು ಎಂಟನೇ ದಿನ, ನಾನೂ ಅಷ್ಟು ಕಾಯಬೇಕಲ್ಲ ಅನ್ನುವುದು ಕೂಡಲೇ ನೆನಪಾಯಿತು. ಫಾದರ್ ಒಂದು ಲೋಟ ನೀರು ತಂದುಕೊಟ್ಟರು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡೆ.

"ಇನ್ನೊಬ್ಬ ಉಳದಾನ್ರಿ" ಅಂದಳು ಅವಳು. "ಇನ್ನ ಕನ್ನಡಿ ಬೇಕೇನು, ಒಳಗ ಇಟ್ಟುಬರಲೇನು?"

ಫಾದರ್ ನನ್ನನ್ನೇ ನೋಡುತ್ತಿದ್ದರು. ಬೇಡ ಅಂದರೆ ಅವರೆದುರು ನನ್ನ ಮರ್ಯಾದೆ ಹೆಚ್ಚುತ್ತಿತ್ತು, ಅದು ಗೊತ್ತಿತ್ತು.

"ಹಿಡಿ" ಅಂದೆ. "ಎರಡೂ ಕೈಲೆ ಗಟ್ಟಿಯಾಗಿ ಹಿಡಿ."