ಹಿಂದಿನ ಸೀಟು

ಹಳೇಕೋಟೆಯ ಕಡೆ ‘ಕಾರು ಬಂತು’ ಅಂದರೆ ಯಾರ ಕಾರು ಎಂದು ಯಾರೂ ಕೇಳದಿದ್ದ ಕಾಲ ಅದು. ಬಂದಿದ್ದು ನಮ್ಮದೇ ಆಗಿರುತ್ತಿತ್ತು. ಅಪ್ಪ ಮತ್ತು ದೊಡ್ಡಪ್ಪ ಸೇರಿ ಹಾಸನದ ಡಾಕ್ಟರೊಬ್ಬರಿಂದ ಕೊಂಡಿದ್ದ ಹಳೆಯ ಕಪ್ಪು ಕಾರು. ಊರ ಹೆಂಗಸರ ಹೆರಿಗೆಗೂ ಅದೇ, ಗಂಡಸರ ಕೋರ್ಟು ಕೆಲಸಕ್ಕೂ ಅದೇ, ಬೀಜದ ಆಲೂಗಡ್ಡೆ ತರುವುದಕ್ಕೂ ಅದೇ. ದೊಡ್ಡಪ್ಪ ಓಡಿಸುವವನು, ಅಪ್ಪ ಒರೆಸುವವನು. ಈ ಏರ್ಪಾಡನ್ನು ಯಾರೂ ಕೂತು ಮಾಡಿದ್ದಲ್ಲ, ಹಾಗೇ ಆಗಿಹೋಗಿತ್ತು.

ಒಂದು ವರ್ಷ ಆಲೂಗಡ್ಡೆ ಕೈಹಿಡಿಯಿತು. ಅಪ್ಪ ಹಿಂದಿನ ಸೀಟನ್ನು ಬಿಚ್ಚಿಕೊಂಡು ಮೈಸೂರಿಗೆ ಹೋದ. ಹರಿದ ರೆಕ್ಸಿನ್ ಕೀಳಿಸಿ, ಅಪ್ಪಟ ತೊಗಲು ಹೊದಿಸಿಕೊಂಡು ಬಂದ. ಬೆಲ್ಲದ ಬಣ್ಣ. ಮೂಗು ಹತ್ತಿರ ಹಿಡಿದರೆ ಹೊಸ ಚಪ್ಪಲಿಯ ವಾಸನೆ. ಮುಂದಿನ ಸೀಟಿಗೂ ಯಾಕೆ ಹಾಕಿಸಲಿಲ್ಲ ಎಂದು ಅಮ್ಮ ಕೇಳಿದ್ದಕ್ಕೆ, ಮುಂದೆ ಕೂರುವವರು ನಾವು, ನಮ್ಮ ಕುಂಡಿಗೆ ರೆಕ್ಸಿನ್ನೇ ಜಾಸ್ತಿ ಅಂದನಂತೆ. ಹಿಂದಿನದು ಸಾವಿತ್ರಕ್ಕನಿಗೆ. ಅವಳು ದೊಡ್ಡಪ್ಪನ ಒಬ್ಬಳೇ ಮಗಳು. ಹೆತ್ತವನು ದೊಡ್ಡಪ್ಪನಾದರೂ ಹೆಗಲ ಮೇಲೆ ಹೊತ್ತು ತಿರುಗಿದವನು ಅಪ್ಪ. ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ಅವಳು ಆ ಸೀಟಿನ ಮೇಲೆ ಕೂತೇ ಹೋಗಬೇಕು ಅನ್ನುವುದು ಅವನ ಆಸೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಜಗಳ ಹುಟ್ಟಿದ್ದೂ ಆ ಸೀಟಿನ ಮೇಲೆಯೇ. ಒಂದು ದಿನ ದೊಡ್ಡಪ್ಪ ಹಾಸನದಿಂದ ಬೀಜದ ಮೂಟೆಗಳನ್ನು ಹಿಂದಿನ ಸೀಟಿಗೆ ಹೇರಿಕೊಂಡು ಬಂದ. ಒಂದು ಮೂಟೆಯಲ್ಲಿ ಕೊಳೆತ ಗೆಡ್ಡೆಗಳಿದ್ದವು. ರಸ ಇಳಿದು ತೊಗಲಿನ ಮೇಲೆ ಅಂಗೈಯಗಲ ಕಲೆ. ಕೊಳೆತ ಆಲೂಗಡ್ಡೆಯ ನಾತ ಎಂಥದ್ದು ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

“ತೊಗಲಿನ ಮ್ಯಾಲೆ ಮೂಟೆ ಹಾಕ್ತಾರೇನಣ್ಣ?” ಅಂದ ಅಪ್ಪ.

“ಕಾರು ನಂದೂ ಕಣ್ಲಾ, ನಿಂಗ,” ಅಂದ ದೊಡ್ಡಪ್ಪ, ಅಪ್ಪನ ಹೆಸರು ಹಿಡಿದು.

ಅಷ್ಟೇ. ಅಲ್ಲಿಂದ ಮಾತು ಕಾಲುವೆ ನೀರಿಗೆ ಹೋಯಿತು, ಅಜ್ಜಿಯ ಕಾಸಿನ ಸರಕ್ಕೆ ಹೋಯಿತು, ಯಾರ ಹೆಂಡತಿ ಯಾರ ತಟ್ಟೆಗೆ ಎಷ್ಟು ತುಪ್ಪ ಬಿಟ್ಟಳು ಅನ್ನುವುದಕ್ಕೂ ಹೋಯಿತು. ಕಡ್ಡಿ ಗುಡ್ಡವಾಯಿತು. ಊರ ಹಿರಿಯರು ಕೂತು ಪಾಲು ಮಾಡಿದರು. ದೊಡ್ಡಪ್ಪ ಹಳ್ಳಿಮೈಸೂರಿನ ಹತ್ತಿರದ ಜಮೀನು ತೆಗೆದುಕೊಂಡು ಅಲ್ಲೇ ಮನೆ ಮಾಡಿದ, ಕಾರೂ ಅವನ ಪಾಲಿಗೆ ಹೋಯಿತು. ಅದರ ಬದಲಿಗೆ ನಿನಗೇನು ಬೇಕು ಎಂದು ಕೇಳಿದರೆ ಅಪ್ಪ ಹಿಂದಿನ ಸೀಟು ಸಾಕು ಅಂದುಬಿಟ್ಟ. ಹಸು ಕೊಟ್ಟು ಹಗ್ಗ ಇಟ್ಟುಕೊಂಡ ಎಂದು ಕಟ್ಟೆಯ ಮೇಲಿದ್ದವರು ನಕ್ಕರು. ದೊಡ್ಡಪ್ಪ ನಗಲಿಲ್ಲ. ತಾನೇ ಸೀಟು ಬಿಚ್ಚಿ, ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟು, ಕಾರು ಹತ್ತಿ ಹೊರಟುಹೋದ.

ಆ ಬೇಸಿಗೆ ರಜೆಯಲ್ಲಿ ಸಾವಿತ್ರಕ್ಕನ ಮದುವೆ ಗೊತ್ತಾಯಿತು, ಚನ್ನರಾಯಪಟ್ಟಣದಲ್ಲಿ. ಯಾರೋ ಬಸ್ಸಿನಲ್ಲಿ ಕೇಳಿಕೊಂಡು ಬಂದು ಹೇಳಿದ ಸುದ್ದಿ. ಅವತ್ತು ಸಂಜೆಯೇ ಅಪ್ಪ ಸೀಟನ್ನು ಜಗಲಿಯ ನೆರಳಿಗೆ ಎಳೆದುಕೊಂಡು ಕೂತ.

ಮೊದಲು ಕೆಡಿಸಿದವಳು ಅಮ್ಮ. ಕಲೆ ಹೋಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಸೀಗೆಪುಡಿ ಕಲಸಿ, ತಲೆ ತಿಕ್ಕುವ ಹಾಗೆ ತಿಕ್ಕಿ, ಎರಡು ತಂಬಿಗೆ ನೀರು ಹುಯ್ದು ಬಿಸಿಲಿಗಿಟ್ಟಳು. ಸಂಜೆಯ ಹೊತ್ತಿಗೆ ತೊಗಲು ಹಪ್ಪಳವಾಗಿತ್ತು. ಅಪ್ಪ ಬೈಯಲು ಬಾಯಿ ತೆಗೆದವನು ಅಮ್ಮನ ಮುಖ ನೋಡಿ ನಕ್ಕುಬಿಟ್ಟ. ಇದಕ್ಕೆ ಎಣ್ಣೆನೀರು ಹಾಕಿ ಬಾಣಂತನ ಮಾಡ್ತಿದ್ದೀಯಲ್ಲೇ ಎಂದು ಆಮೇಲೆ ತಿಂಗಳುಗಟ್ಟಲೆ ರೇಗಿಸಿದ.

ಅಲ್ಲಿಂದ ಶನಿವಾರ ಶನಿವಾರ ಆ ಕೆಲಸ ಅಪ್ಪನದು ಮತ್ತು ನನ್ನದು. ಬಟ್ಟೆಯನ್ನು ಒದ್ದೆ ಮಾಡಿ, ಹನಿ ಬೀಳದ ಹಾಗೆ ಹಿಂಡಬೇಕು. ಹೊಲಿಗೆಯ ಸಂದಿಯ ಧೂಳನ್ನು ತೆಂಗಿನ ನಾರಿನಿಂದ ಮೆಲ್ಲಗೆ ತೆಗೆಯಬೇಕು. ನೆರಳಲ್ಲಿ ಆರಿದ ಮೇಲೆ ಹರಳೆಣ್ಣೆ. ಹಿತ್ತಲಲ್ಲಿ ಅಮ್ಮ ಕಾಯಿಸಿದ ಎಣ್ಣೆಯೇ, ನನ್ನ ನೆತ್ತಿಗೂ ಅದೇ, ಸೀಟಿಗೂ ಅದೇ. ಅಪ್ಪನ ಹಳೇ ಪಂಚೆಯ ತುಂಡಿಗೆ ನಾಲ್ಕು ಹನಿ ಹಾಕಿ ಉಜ್ಜುತ್ತಾ ಹೋದರೆ, ಒಣಗಿದ್ದ ತೊಗಲು ಕುಡಿದು ಕಪ್ಪಾಗಿ, ಮಾರನೆಯ ದಿನ ಮತ್ತೆ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಎಣ್ಣೆ ಹೆಚ್ಚಾದರೆ ಅಂಟು, ಕಮ್ಮಿಯಾದರೆ ಬಿರುಕು. ಅದಕ್ಕೆ ಕೊನೆಯಲ್ಲಿ ಒಂದು ಪರೀಕ್ಷೆ. ಬಿಳಿ ಟವೆಲ್ ಹಾಸಿ ನನ್ನನ್ನು ಅದರ ಮೇಲೆ ಕೂರಿಸುತ್ತಿದ್ದ. ಎದ್ದ ಮೇಲೆ ಟವೆಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮದುವೆ ಸೀರೆಗೆ ಕಲೆ ಹತ್ತಬಾರದು ಅಂತ. ಕೊನೆಗೊಂದು ಶನಿವಾರ ಟವೆಲ್ ಹಾಸಿದ್ದ ಹಾಗೇ ಬೆಳ್ಳಗೆ ಬಂತು. ಆಲೂಗಡ್ಡೆಯ ಕಲೆ ಮಾತ್ರ ಪೂರಾ ಹೋಗಲಿಲ್ಲ, ಹುಡುಕಿದರೆ ಸಿಗುವಷ್ಟು ಉಳಿಯಿತು.

“ಅಣ್ಣ ಬಂದು ಒಂದ್ಸಲ ಬಾಯ್ತುಂಬ ಕರೀಲಿ ಸಾಕು,” ಅಂದ ಅಪ್ಪ. “ಸೀಟು ಟೆಂಪೋಗೆ ಹಾಕ್ಕಂಡು ಓಗಿ ನಾನೇ ಕಾರಿಗೆ ಕೂರಿಸ್ಬುಡ್ತೀನಿ.”

ಟೆಂಪೋದವನಿಗೂ ಮೊದಲೇ ಹೇಳಿಟ್ಟಿದ್ದ. ಆಗ ಮದುವೆಗೆ ಕರೆಯುವುದು ಅಂದರೆ ಮನೆಗೆ ಬಂದು, ಹೆಂಗಸರಿಗೆ ಕುಂಕುಮ ಕೊಟ್ಟು, ಗಂಡಸರ ಕೈಗೆ ಎಲೆಅಡಿಕೆ ಇಟ್ಟು, ಬರಲೇಬೇಕು ಅನ್ನಬೇಕು. ಕಾರು ಬರಬಹುದು ಎಂದು ನಾವು ದಿನಾ ರಸ್ತೆ ನೋಡಿದೆವು. ಕಾರು ಬರಲಿಲ್ಲ. ಹೊಳೆನರಸೀಪುರದ ಬಸ್ಸಿನ ಕಂಡಕ್ಟರು ಕಿಟಕಿಯಿಂದಲೇ ಒಂದು ಲಗ್ನಪತ್ರಿಕೆ ಚಾಚಿ ಸೀಟಿ ಊದಿದ.

ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಒಳಗೆ ಒಂದು ಸಾಲು ಕೈಬರಹವೂ ಇರಲಿಲ್ಲ. ಮಗುವಿನ ಮದುವೆ, ಕಾಗದವಾದರೂ ಬಂತಲ್ಲ, ನಡೀರಿ ಎಂದು ಅಮ್ಮ ಪರಿಪರಿಯಾಗಿ ಹೇಳಿದಳು.

“ಊರೋರ್ಗೆಲ್ಲ ಕಾಗ್ದ ಕಳ್ಸವ್ನೆ,” ಅಂದ ಅಪ್ಪ. “ನಾನೂ ಊರೋನಾ?”

ಮದುವೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಸ್ನಾನ ಮಾಡಿ, ಜರಿ ಪಂಚೆ ಉಟ್ಟು, ಶಲ್ಯ ಹೊದ್ದು ಆ ಸೀಟಿನ ಮೇಲೆ ಕೂತಿದ್ದ. ಅಮ್ಮ ನನಗೂ ರೇಷ್ಮೆ ಲಂಗ ಹಾಕಿದಳು, ತಾನೂ ಸೀರೆ ಬದಲಾಯಿಸಿದಳು. ಮೂವರೂ ಆ ಸೀಟಿನ ಮೇಲೆ ಸಾಲಾಗಿ ಕೂತೆವು, ಹೊರಟ ಕಾರಿನಲ್ಲಿ ಕೂತವರ ಹಾಗೆ. ರಸ್ತೆಯಲ್ಲಿ ಲಾರಿ ಸದ್ದಾದರೂ ಅಪ್ಪನ ಕತ್ತು ತಿರುಗುತ್ತಿತ್ತು. ಯಾರಾದರೂ ಓಡಿಬಂದು ಕರೆದಾರು ಎಂದು ಕಾದ. ಮುಹೂರ್ತದ ಹೊತ್ತು ಕಳೆಯಿತು. ಅಮ್ಮ ಎದ್ದು ಒಳಗೆ ಹೋಗಿ ಮುದ್ದೆ ತೊಳಸಿ ಬಸ್ಸಾರು ತಂದಿಟ್ಟಳು. ಅಪ್ಪ ಶಲ್ಯ ತೆಗೆಯದೆ ಉಂಡ. ನನಗೆ ಮದುವೆಯ ಊಟ ತಪ್ಪಿತಲ್ಲ ಎಂದು ಅಳು. ಅಪ್ಪನಿಗೆ ಏನು ತಪ್ಪಿತು ಅನ್ನುವುದು ತಿಳಿಯುವ ವಯಸ್ಸಲ್ಲ.

ಸಾವಿತ್ರಕ್ಕ ಕಾರಿನ ಹಿಂದೆ ಹಲಗೆಯ ಮೇಲೆ ಗೋಣಿಚೀಲ, ಅದರ ಮೇಲೆ ಜಮಖಾನ ಹಾಸಿಕೊಂಡು ಗಂಡನ ಮನೆಗೆ ಹೋದಳಂತೆ. ಮದುವೆಗೆ ಹೋಗಿಬಂದವರು ದೊಡ್ಡಪ್ಪನ ಜಿಪುಣತನವನ್ನು ಆಡಿಕೊಂಡು ನಕ್ಕರು. ಒಂದು ಸೀಟು ಹಾಕಿಸಲು ಗತಿಯಿಲ್ಲವೇ ಅಂದರು. ಅಪ್ಪ ಆ ನಗುವಿಗೆ ಸೇರಲಿಲ್ಲ. ಶನಿವಾರ ಬಂದಾಗ ಎಣ್ಣೆಯ ಬಟ್ಟೆ ಹಿಡಿದು ಮತ್ತೆ ಕೂತ. ಇನ್ನೇತಕ್ಕಪ್ಪ ಎಂದು ಕೇಳಿದರೆ, ಬಿಟ್ಟರೆ ಬಿರಿಯುತ್ತೆ ಅಂದ.

ಹಾಗೆ ಎಷ್ಟು ಶನಿವಾರ ಕಳೆದವೋ. ನಾನು ಓದಿ, ಮದುವೆಯಾಗಿ, ಹಾಸನದಲ್ಲಿ ಮನೆ ಮಾಡಿದೆ. ಅಪ್ಪ ತೀರಿಕೊಂಡ. ದೊಡ್ಡಪ್ಪ ಮಣ್ಣಿಗೆ ಬಂದ, ತಮ್ಮನ ತಲೆಯ ಹತ್ತಿರ ಸ್ವಲ್ಪ ಹೊತ್ತು ನಿಂತ, ಯಾರೊಂದಿಗೂ ಮಾತಾಡದೆ ಹೋದ. ಅವತ್ತು ಜನಕ್ಕೆ ಜಾಗ ಬೇಕೆಂದು ಸೀಟನ್ನು ಪಂಪ್‌ಸೆಟ್ ಮನೆಗೆ ಸಾಗಿಸಿದ್ದರು. ಅದು ಅಲ್ಲೇ ಉಳಿಯಿತು. ಅಪ್ಪ ಅಂದ ಹಾಗೇ ಆಯಿತು, ಒಂದು ಬೇಸಿಗೆಗೇ ಬಿರಿಯಿತು. ಉಳಿದದ್ದನ್ನು ಇಲಿಗಳು ನೋಡಿಕೊಂಡವು.

ಹೋದ ವರ್ಷ ನನ್ನ ಮಗಳ ಮದುವೆ. ಫೋನಿನಲ್ಲೇ ಪತ್ರಿಕೆ ಕಳಿಸುವ ಕಾಲ ಇದು. ಆದರೆ ದೊಡ್ಡಪ್ಪನ ಮನೆಗೆ ನಾನೇ ಹೋಗಿ ಎಲೆಅಡಿಕೆ ಕೊಟ್ಟು ಕರೆಯುತ್ತೇನೆ ಎಂದು ಹಟ ಹಿಡಿದು ಹೊರಟೆ. ಅಪ್ಪನಿಗೆ ಅವನು ಮಾಡದ್ದನ್ನು ನಾನು ಮಾಡಿ ತೋರಿಸುತ್ತೇನೆ ಅನ್ನುವ ಜಂಬವೂ ಇತ್ತು ಅನ್ನಿ. ದೊಡ್ಡಪ್ಪ ಕೋಲೂರಿಕೊಂಡು ಬಂದು ನಮ್ಮ ಕಾರಿನ ಬಾಗಿಲು ತೆಗೆಸಿದ. ಹಿಂದಿನ ಸೀಟಿನ ಮೇಲೆ ಅಂಗೈ ಆಡಿಸಿದ. ತೊಗಲಾ ಎಂದು ಕೇಳಿದ. ಎಣ್ಣೆ ಹಾಕುತ್ತೀಯಾ ಅಂದ. ಇದಕ್ಕೆ ಎಣ್ಣೆ ಹಾಕಬಾರದಂತೆ, ಡಬ್ಬಿಯಲ್ಲಿ ಕ್ರೀಮು ಬರುತ್ತೆ, ತಿಂಗಳಿಗೊಮ್ಮೆ ವಾಷಿಂಗಿನ ಹುಡುಗರೇ ಹಚ್ಚಿ ಕೊಡುತ್ತಾರೆ ಅಂದೆ. ಅವನು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಕಪ್ಪು ಕಾರು. ಗಾಲಿಗಳು ಮಣ್ಣಲ್ಲಿ ಇಳಿದಿದ್ದವು. ಹಿಂದಿನ ಬಾಗಿಲು ಎಳೆದರೆ ಒಳಗೆ ಅದೇ ಹಲಗೆ, ಮೇಲೆ ಮಾಸಿದ ಗೋಣಿಚೀಲ. ಇಷ್ಟು ವರ್ಷವೂ ಒಂದು ಸೀಟು ಹಾಕಿಸಬಾರದಿತ್ತೇ ಎಂದು ಕೇಳಿದೆ.

“ಅದು ನಿಂಗನ ಜಾಗ ಕಣವ್ವ,” ಅಂದ. “ಬ್ಯಾರೆ ಸೀಟು ಹಾಕ್ಸಿದ್ರೆ, ಅವನಿಗೆ ನೀನು ಬರ್ಬ್ಯಾಡ ಅಂದಂಗಲ್ವಾ?”

ನನಗೆ ಸಿಟ್ಟು ಬಂತು. ಹಾಗಿದ್ದರೆ ಬಂದು ಕರೆಯಬೇಕಿತ್ತು, ಅಪ್ಪ ಜರಿ ಪಂಚೆ ಉಟ್ಟು ಮಧ್ಯಾಹ್ನದ ತನಕ ರಸ್ತೆ ನೋಡುತ್ತಾ ಕೂತಿದ್ದ ಎಂದು ಹೇಳಿಯೇಬಿಟ್ಟೆ.

ದೊಡ್ಡಪ್ಪ ನನ್ನ ಮುಖವನ್ನೇ ನೋಡಿದ. “ಕರಿಯೋದಾ? ಎಲೆಅಡಿಕೆ ಕೊಟ್ಟು ಕರಿಯೋದು ಹೊರಗಿನೋರ್ನ. ನಿಂತು ಮದ್ವೆ ಮಾಡ್ಬೇಕಾದೋನು ಅವನು. ದಿನ ಗೊತ್ತಾಗ್ಲಿ ಅಂತ ಕಾಗ್ದ ಕಳಿಸ್ದೆ ಅಷ್ಟೇಯ. ಮನೆಯೋನ್ನ ಯಾರಾದ್ರೂ ಕರೀತಾರಾ?”

ಒಬ್ಬ, ನಾನು ಊರವನೇ ಎಂದು ಕೂತಿದ್ದ. ಇನ್ನೊಬ್ಬ, ಅವನು ಮನೆಯವನಲ್ಲವೇ ಎಂದು ಕಾದಿದ್ದ.

“ಸೀಟಿಗೆ ಎಣ್ಣೆ ಹಾಕ್ತಿದ್ನಾ?” ಎಂದು ಕೇಳಿದ ದೊಡ್ಡಪ್ಪ.

“ಶನಿವಾರ ಶನಿವಾರ ಹಾಕ್ತಿದ್ದ. ಕೊನೇತನಕ.”

ಅವನು ಆ ಖಾಲಿ ಜಾಗಕ್ಕೆ ಕೈಯಿಟ್ಟು ಗೋಣಿಚೀಲವನ್ನು ನೇರ ಮಾಡಿದ. “ಅಂಗಾರೆ ಬರೋ ಮನ್ಸಿತ್ತು ಅವನಿಗೆ,” ಅಂದ.

ಸೀಟು ಬಿರಿದದ್ದನ್ನು ನಾನು ಹೇಳಲಿಲ್ಲ. ಬ್ಯಾಗಿನಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ತೆಗೆಯಲೂ ಇಲ್ಲ. ಮದುವೆಯ ದಿನ ಹೇಳಿ, ಹಿಂದಿನ ದಿನವೇ ಬಂದುಬಿಡು ದೊಡ್ಡಪ್ಪ, ನಿಂತು ಮಾಡಿಸುವವರಿಲ್ಲ ಅಂದೆ. ಬರುತ್ತೇನೆ ಎಂದು ತಲೆಯಾಡಿಸಿದ, ಬಂದ ಕೂಡ. ನನ್ನ ಮಗಳು ಗಂಡನ ಮನೆಗೆ ಹೊರಟಾಗ ನಮ್ಮ ಕಾರಿನ ಬಾಗಿಲ ಹತ್ತಿರ ನಿಂತಿದ್ದವನು ಅವನೇ. ಅವಳು ಕೂರುವ ಮುಂಚೆ ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಸೀಟಿನ ಮೇಲೆ ಒತ್ತಿ, ಬೆಳಕಿಗೆ ಹಿಡಿದು ನೋಡಿದ. ಅಪ್ಪನ ಆ ಪರೀಕ್ಷೆಯ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಟ್ಟಿಗಿದ್ದಾಗ ಕಲಿತದ್ದಿರಬೇಕು.