ತಾನಾಗಿ ತಿರುಗಿದ ಡಬ್ಬಗಳು

ನಮ್ಮ ಬೀದಿಯ ಪಂಪ್ ಮೆಕ್ಯಾನಿಕ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನಗೆ ಅಷ್ಟು ತಾಳ್ಮೆ ಉಳಿಯುವುದಿಲ್ಲ. ಓಡುವ ಮೋಟಾರಿನ ಮೈಗೆ ಕಬ್ಬಿಣದ ಸರಳೊತ್ತಿ, ಇನ್ನೊಂದು ತುದಿಗೆ ಕಿವಿಗೊಟ್ಟರೆ ಸಾಕು, ಯಾವ ಬೇರಿಂಗ್ ಸವೆದಿದೆಯೆಂದು ಹೇಳುತ್ತಿದ್ದ. ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಅಕ್ಕ ಜೊತೆಗಿದ್ದು ಅಡುಗೆ ಮಾಡಿ ಹಾಕುತ್ತಿದ್ದಳು.

ಐವತ್ತು ದಾಟಿದ ಮೇಲೆ ಅವನಿಗೊಂದು ಹುಚ್ಚು ಹಿಡಿಯಿತು. ಶೆಡ್ಡಿನಲ್ಲಿ ಎರಡಾಳೆತ್ತರದ ತೊಟ್ಟಿ ಕಟ್ಟಿ ನೀರು ತುಂಬಿಸಿದ. ಬಾಯಿ ಮುಚ್ಚಿದ ಹದಿನಾಲ್ಕು ಖಾಲಿ ಡಬ್ಬಗಳನ್ನು ಚೈನಿಗೆ ಬಿಗಿದು, ಚೈನನ್ನು ಮೇಲೊಂದು ಕೆಳಗೊಂದು ಚಕ್ರಕ್ಕೆ ಸುತ್ತಿದ. ನೀರೊಳಗಿನವು ತೇಲಿ ಮೇಲೇರುತ್ತವೆ. ಹೊರಗಿನವು ಇಳಿದು, ತಳದ ರಬ್ಬರ್ ಬಾಗಿಲಿನಿಂದ ಮತ್ತೆ ನೀರಿಗೆ ನುಗ್ಗುತ್ತವೆ. ಚಕ್ರ ನಿಲ್ಲುವುದೇ ಇಲ್ಲ, ಕರೆಂಟು ಬಿಟ್ಟಿ!

"ತಳದಲ್ಲಿ ಡಬ್ಬ ಒಳಗೆ ತಳ್ಳೋರು ಯಾರಯ್ಯ?" ಎಂದೆ. ಅಷ್ಟೆತ್ತರದ ನೀರಿನ ಒತ್ತಡದೆದುರು ಡಬ್ಬ ನುಗ್ಗಿಸುವ ಶ್ರಮ, ಅದು ತೇಲಿ ಕೊಡುವ ಬಲವನ್ನೆಲ್ಲ ನುಂಗಿಬಿಡುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟ ನನಗೂ ಅಷ್ಟು ಗೊತ್ತು.

"ನೀವು ಪೇಪರಿಗೆ ಬರೆಯೋರು. ಬರ್ಕೊಂಡಿರಿ ಸಾರ್."

ಎಂಟು ತಿಂಗಳು ಒದ್ದಾಡಿದ. ಚಕ್ರ ಎರಡು ಸುತ್ತು ಹಾಕಿ ನಿಲ್ಲುತ್ತಿತ್ತು. ಕೊನೆಗೆ ಊಟ ಬಿಟ್ಟ. ಅಕ್ಕ ತಟ್ಟೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತೇ ಇರುತ್ತಿದ್ದಳು.

ಒಂದು ಮಧ್ಯಾಹ್ನ ಓಡಿಬಂದು ನನ್ನನ್ನು ಎಳೆದೊಯ್ದ. ಚಕ್ರ ತಿರುಗುತ್ತಿತ್ತು. ಮೋಟಾರಿಲ್ಲ, ಕರೆಂಟಿನ ತಂತಿಯಿಲ್ಲ. ಡಬ್ಬಗಳು ಒಂದೊಂದಾಗಿ ನೀರಿನಿಂದ ತಲೆಯೆತ್ತಿ, ಹನಿ ಸುರಿಸುತ್ತ ಇಳಿಯುತ್ತಿದ್ದವು. ಚಕ್ರಕ್ಕೆ ತಾಗಿಸಿದ ಸೈಕಲ್ ಡೈನಮೋದಿಂದ ಪುಟ್ಟ ಬಲ್ಬೊಂದು ಮಿಣುಕುತ್ತಿತ್ತು. ಆಗಾಗ ಚಕ್ರ ನಿಧಾನವಾಗಿ, ದಣಿವಾರಿಸಿಕೊಂಡಂತೆ ಮತ್ತೆ ವೇಗ ಪಡೆಯುತ್ತಿತ್ತು. ಯಂತ್ರಕ್ಕೆ ಸುಸ್ತಾಗುವುದುಂಟೆ?

ಅವನ ಸರಳನ್ನೇ ಎತ್ತಿಕೊಂಡೆ. ತಳದ ಚಕ್ರದ ಶಾಫ್ಟು ಗೋಡೆ ತೂರಿ ಹಿಂದಿನ ಕೋಣೆಗೆ ಹೋಗಿತ್ತು. ಅದರ ಬೇರಿಂಗಿಗೆ ಒತ್ತಿ ಕೇಳಿದೆ. ಸುತ್ತಿಗೊಮ್ಮೆ ಒಂದು ನರಳಾಟ.

"ಯಾರೋ ನರಳ್ತಿದಾರೆ ಕಣಯ್ಯ."

"ನೀರಿನ ಸದ್ದು, ಬಿಡಿ ಸಾರ್."

"ನೀನೇ ಕೇಳು, ತಗೋ."

ಊರಿನ ಮೋಟಾರುಗಳಿಗೆಲ್ಲ ಕಿವಿಗೊಟ್ಟವನು ಆ ಸರಳನ್ನು ಮುಟ್ಟಲಿಲ್ಲ.

ಹಿಂದಿನ ಕೋಣೆಯ ಬಾಗಿಲು ನೂಕಿದೆ. ಚಕ್ರ ಶುರುಮಾಡಲೆಂದು ಶಾಫ್ಟಿನ ತುದಿಗೆ ಅವನೇ ಕೂರಿಸಿದ್ದ ಹಿಡಿಯನ್ನು ಅಕ್ಕ ಎದೆಗೊತ್ತಿಕೊಂಡು ತಿರುಗಿಸುತ್ತಿದ್ದಳು. ಅಂಗೈಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು, ತುಟಿ ನೀಲಿಗಟ್ಟಿತ್ತು.

"ಬಿಡಿ ಅಮ್ಮ, ಸತ್ತೋಗ್ತೀರ!"

"ಇದು ತಿರುಗಿದ್ರೆ ಅವನು ಊಟ ಮಾಡ್ತಾನೆ," ಎಂದಳು. ಕೈ ನಿಲ್ಲಲಿಲ್ಲ.

ತಮ್ಮ ಹೊಸ್ತಿಲಲ್ಲಿ ನಿಂತಿದ್ದ. ಅಳುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದುಕೊಂಡೆ.

"ನಾಳೆ ಕಾಲೇಜಿನೋರು ನೋಡೋಕೆ ಬರ್ತಾರೆ. ಅದೊಂದು ದಿನ, ಅಕ್ಕಾ."

"ಆಯ್ತಪ್ಪ. ನೀನು ಹೋಗಿ ಉಣ್ಣು."

ಅವನು ನನ್ನನ್ನು ಹೊರಗೆ ಕರೆದು ಮೆಲ್ಲಗೆ ಬಾಗಿಲೆಳೆದುಕೊಂಡ. ಆ ಹಿಡಿಯನ್ನು ಆಗಲೇ ಕಿತ್ತೆಸೆಯದೆ, ಅಕ್ಕತಮ್ಮಂದಿರ ವಿಷಯವೆಂದು ಮನೆಗೆ ಹೋದವನು ನಾನು. ಬೈಯುವುದಿದ್ದರೆ ನನ್ನಿಂದಲೇ ಶುರುವಾಗಲಿ.

ಮರುದಿನ ಕಾಲೇಜಿನಿಂದ ಆರು ಮಂದಿ ಬಂದರು. ತೊಟ್ಟಿಯ ಸುತ್ತ ತಂತಿ ಹುಡುಕಿದರು, ಸಿಗಲಿಲ್ಲ, ಚಪ್ಪಾಳೆ ತಟ್ಟಿದರು. ಕಾಲು ಗಂಟೆಯಾಗಿರಬೇಕು, ಒಂದು ಡಬ್ಬ ರಬ್ಬರ್ ಬಾಗಿಲಲ್ಲಿ ಅರ್ಧ ತೂರಿ ನಿಂತಿತು. ಬಲ್ಬು ಆರಿತು.

ನಾನು ಹಿಂದಿನ ಕೋಣೆಗೆ ಓಡಿದೆ. ಅಕ್ಕ ಹಿಡಿಯ ಮೇಲೆ ಬಾಗಿದ್ದಳು. ಮೂಗಿನ ಬಳಿ ಬೆರಳಿಟ್ಟೆ. ಉಸಿರಿರಲಿಲ್ಲ.

ಗೋಡೆಯಾಚೆ ಅವನ ದನಿ ಕೇಳುತ್ತಿತ್ತು: "ಒಂದ್ನಿಮಿಷ ಸಾರ್, ಈಗ ಹೊರಡುತ್ತೆ ನೋಡಿ."